ಭಾನುವಾರದ ಚಾರ್ಜು

ಟೈಲರಮ್ಮ ಮುಡಿಯಿಂದ ಕಿತ್ತ ಹೇರ್‌ಪಿನ್ನನ್ನು ಬಾಗಿಲ ಗಂಟೆಯ ತಳದ ಪುಟ್ಟ ಸ್ಕ್ರೂವಿಗೆ ಒತ್ತಿ ತಿರುಗಿಸಿದಳು. ಪಿನ್ನು ಬಾಗಿತು. ಸ್ಕ್ರೂ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಇನ್ನೊಂದು ಪಿನ್ನು ಕಿತ್ತಳು, ಅದೂ ಬಾಗಿತು. ಅಷ್ಟರಲ್ಲಿ ಬೆನ್ನ ಹಿಂದೆ ಲಿಫ್ಟ್ ಬಂದು ನಿಂತು ನಾಲ್ಕು ಜನ ಇಳಿದರು, ಅವಳನ್ನು ಕಂಡು ತಬ್ಬಿಬ್ಬಾದರು. ಗಂಡನ ದೇಹ ನಡುಮನೆಯಲ್ಲಿರುವಾಗ ಹೆಂಡತಿ ಹೊರಗೆ ನಿಂತು ಗಂಟೆಯ ಜೊತೆ ಗುದ್ದಾಡುತ್ತಿದ್ದರೆ ನೋಡಿದವರು ಏನು ತಾನೇ ಹೇಳಬೇಕು? ಅವರು ಅವಳ ಪಕ್ಕದಿಂದ ನುಸುಳಿ ಒಳಗೆ ಹೋದರು.

ಅದು ಹಳೆಯ ಕಾಲದ ಒತ್ತುಗುಂಡಿಯಲ್ಲ. ಕ್ಯಾಮೆರಾ ಇರುವ, ಬ್ಯಾಟರಿಯಲ್ಲಿ ನಡೆಯುವ ಗಂಟೆ. ಬಾಗಿಲ ಮುಂದೆ ಯಾರು ಸುಳಿದರೂ ಅವರ ಚಿತ್ರವನ್ನು ಟೈಲರಮ್ಮನ ಫೋನಿಗೆ ಕಳಿಸಿ 'ಬಾಗಿಲಲ್ಲಿ ಯಾರೋ ಇದ್ದಾರೆ' ಎಂದು ಬರೆಯುತ್ತದೆ. ಒತ್ತಿದರೆ ಹಕ್ಕಿಗಳ ಚಿಲಿಪಿಲಿ ಕೇಳಿಸುತ್ತದೆ. ಬ್ಯಾಟರಿ ತಳ ಹಿಡಿದಾಗ ಇದೆಲ್ಲದರ ಜೊತೆಗೆ ನಿಮಿಷಕ್ಕೊಮ್ಮೆ ಕೀಂ ಎನ್ನುತ್ತದೆ. ಬೆಳಗಿನಿಂದ ಅದು ಕೀಂ ಎನ್ನುತ್ತಲೇ ಇತ್ತು. ಬಾಗಿಲು ಹಾರು ಹೊಡೆದಿದ್ದರೂ ಬಂದವರಲ್ಲಿ ಅರ್ಧ ಜನ ಗುಂಡಿ ಕಂಡ ಕೂಡಲೇ ಒತ್ತಿ, ಚಿಲಿಪಿಲಿ ಅನ್ನಿಸಿ, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಒಳಗೆ ಬರುತ್ತಿದ್ದರು.

ಗಂಡ ಮೇಸ್ತ್ರಿ ಇದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನು. ಭಾನುವಾರ ತಪ್ಪದೆ ಗಂಟೆಯನ್ನು ಗೋಡೆಯಿಂದ ಬಿಚ್ಚಿ, ಒಳಗೆ ತಂದು ಚಾರ್ಜಿಗೆ ಹಾಕಿ, ಕ್ಯಾಮೆರಾದ ಗಾಜನ್ನು ಕನ್ನಡಕದ ಬಟ್ಟೆಯಲ್ಲಿ ಒರೆಸಿ, ಹೆಂಡತಿ ಊಟಕ್ಕೆ ಬರುವ ಹೊತ್ತಿಗೆ ಮತ್ತೆ ಹಾಕಿಬಿಡುತ್ತಿದ್ದ. ಅವನು ಆಸ್ಪತ್ರೆ ಸೇರಿ ನಲವತ್ತು ದಿನ. ಅಷ್ಟು ದಿನವೂ ಗಂಟೆಯನ್ನು ಯಾರೂ ಮುಟ್ಟಿರಲಿಲ್ಲ. ನಿನ್ನೆ ಸಂಜೆ ಅವನು ಹೋದ, ಇವತ್ತು ಬೆಳಿಗ್ಗೆ ಗಂಟೆಯೂ ಒಂಬತ್ತು ಪರ್ಸೆಂಟಿಗೆ ಬಂದು ನಿಂತಿತ್ತು.

ಮಗಳು ಒಳಗಿನಿಂದ ಟೂಲ್ ಬೋರ್ಡನ್ನೇ ಎತ್ತಿಕೊಂಡು ಬಂದಳು. ಹಲಗೆಯ ಮೇಲೆ ಮೊಳೆ ಹೊಡೆದು, ಒಂದೊಂದು ಉಪಕರಣದ ಆಕಾರವನ್ನೂ ಪೆನ್ನಿನಲ್ಲಿ ಬರೆದು, ಅದರದರ ಜಾಗದಲ್ಲಿ ಅದನ್ನು ನೇತುಹಾಕುವುದು ಮೇಸ್ತ್ರಿಯ ಶಿಸ್ತು. ಸ್ಪಾನರು, ಇಕ್ಕಳ, ಸುತ್ತಿಗೆ ಎಲ್ಲವೂ ಇದ್ದವು. ಮೂಲೆಯಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಆಕಾರ ಮಾತ್ರ ಖಾಲಿಯಿತ್ತು. ಗಂಟೆಯ ಜೊತೆಗೆ ಬಂದಿದ್ದ, ನಕ್ಷತ್ರದ ತುದಿಯ ಸ್ಕ್ರೂಡ್ರೈವರ್ ಅದು. ಕಳ್ಳರು ಬಿಚ್ಚಬಾರದೆಂದು ಕಂಪನಿಯವರು ಅಂಥ ಸ್ಕ್ರೂ ಕೊಟ್ಟಿದ್ದರು, ಈಗ ಮನೆಯವರೂ ಬಿಚ್ಚುವಂತಿರಲಿಲ್ಲ. ಮಗಳು ಭಾನುವಾರವೂ ರಜೆಯಿಲ್ಲದೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಾತ್ರೆಯ ಪಟ್ಟಿಗಳ ನಡುವೆ ಸೂಜಿ ಹುಡುಕಿ ಕೊಡಬಲ್ಲಳು. ಅವಳೇ ಕೈಚೆಲ್ಲಿದಳು.

ಬಾಗಿಲಲ್ಲಿ ಪಕ್ಕದ ಮನೆಯ ಕಂಡಕ್ಟರು ನಿಂತಿದ್ದರು. ಬಸ್ಸಿನಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಜನ ಗುಂಪುಗೂಡಿದರೆ ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಳಗೆ ನಡೀರಿ, ಮುಂದೆ ಜಾಗ ಇದೆ, ಎಂದು ಬಂದವರನ್ನು ಮೇಸ್ತ್ರಿಯ ಕಡೆಗೆ ಸಾಗಿಸುತ್ತಿದ್ದರು. ಅವರು ಟೈಲರಮ್ಮನ ಹತ್ತಿರ ಬಂದು ದನಿ ತಗ್ಗಿಸಿದರು.

"ಮೆಟ್ಟಿಲ ತಿರುವಲ್ಲಿ ಒಬ್ಬ ನಿಂತಿದಾನಮ್ಮ. ಹತ್ತು ಗಂಟೆಯಿಂದ ನೋಡ್ತಾ ಇದೀನಿ. ಮೇಲೆ ಬಾರಪ್ಪ ಅಂದ್ರೆ ಬರಲ್ಲ, ಕೆಳಗೂ ಇಳಿಯಲ್ಲ. ಗೋಡೆಗೆ ಅಂಟ್ಕೊಂಡು ನಿಂತಿದಾನೆ."

"ಹೇಗಿದಾನೆ?"

"ಕಡ್ಡಿ ಹಂಗೆ ಇದಾನೆ."

ಟೈಲರಮ್ಮ ಬಾಗಿದ ಪಿನ್ನನ್ನು ನೆಟ್ಟಗೆ ಮಾಡಿ ಮುಡಿಗೆ ಸಿಕ್ಕಿಸಿಕೊಂಡಳು.

"ನಿಂತಿರಲಿ ಬಿಡಿ," ಅಂದು ಒಳಗೆ ಹೋದಳು.

*

ಕಡ್ಡಿ ಎಂದು ಹೆಸರಿಟ್ಟವಳು ಅವಳೇ. ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕೆ ಸೇರಿದಾಗ ಅವನು ಎಷ್ಟು ತೆಳ್ಳಗಿದ್ದನೆಂದರೆ ಅಳತೆ ತೆಗೆದುಕೊಂಡ ಟೈಲರಮ್ಮ, ಇವನಿಗೆ ಅಂಗಿ ಹೊಲಿಯುವುದಕ್ಕಿಂತ ಛತ್ರಿಗೆ ಕವರು ಹೊಲಿಯುವುದು ಸುಲಭ ಅಂದಿದ್ದಳು. ಹದಿನೆಂಟು ವರ್ಷ ಮೇಸ್ತ್ರಿಯೂ ಅವನೂ ಜೊತೆಯಲ್ಲಿ ದುಡಿದರು. ಅವನು ಮೇಸ್ತ್ರಿಯನ್ನು ಅಣ್ಣ ಎನ್ನುತ್ತಿದ್ದ, ಅವಳನ್ನು ಅತ್ತಿಗೆ ಎನ್ನುತ್ತಿದ್ದ. ಗಂಡನ ಊಟದ ಡಬ್ಬಿಯಲ್ಲಿ ಅವನ ಪಾಲೂ ಸೇರಿಸಿ ಕಟ್ಟುವುದು ಅವಳಿಗೆ ರೂಢಿಯಾಗಿತ್ತು.

ಲಿಫ್ಟಿನವರಲ್ಲಿ ಒಂದು ಕಟ್ಟುನಿಟ್ಟಿದೆ. ರಿಪೇರಿಗೆ ಮುಂಚೆ ಫ್ಯೂಸ್ ಕಿತ್ತವನು ಅದನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಮೇಜಿನ ಮೇಲಿಡಬಾರದು, ಇನ್ನೊಬ್ಬರ ಕೈಗೆ ಕೊಡಬಾರದು. ಫ್ಯೂಸ್ ಜೇಬಿನಲ್ಲಿರುವ ತನಕ ಲಿಫ್ಟಿನ ಹಗ್ಗ ಎಳೆಯುವ ಗಾಲಿ ತಿರುಗುವುದಿಲ್ಲ, ಮೇಲೆ ಕೆಲಸ ಮಾಡುವವನ ಕೈ ಕ್ಷೇಮ. ಹನ್ನೆರಡು ವರ್ಷದ ಹಿಂದೆ ಒಂದು ದಿನ ಕಡ್ಡಿಗೆ ಮನೆಯಿಂದ ಫೋನ್ ಬಂತು, ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ ಎಂದು. ಅವನು ಗೇಟಿನ ಹತ್ತಿರ ಓಡುತ್ತ ಫ್ಯೂಸನ್ನು ವಾಚ್‌ಮನ್ ಕೈಗೆ ಕೊಟ್ಟು, ಅಣ್ಣ ಇಳಿದು ಬಂದಾಗ ಕೊಡು ಅಂದ. ಹತ್ತು ನಿಮಿಷದಲ್ಲಿ ಆರನೇ ಮಹಡಿಯವರು ಯಾರೋ ಬಂದು ಲಿಫ್ಟ್ ಯಾಕೆ ನಿಂತಿದೆ ಎಂದು ವಾಚ್‌ಮನ್‌ಗೆ ಬೈದರು. ಬೈಸಿಕೊಂಡ ವಾಚ್‌ಮನ್ ಫ್ಯೂಸ್ ಹಾಕಿದ. ಮೇಲೆ ಮೇಸ್ತ್ರಿಯ ಬಲಗೈ ಹಗ್ಗಕ್ಕೂ ಗಾಲಿಗೂ ನಡುವೆ ಇತ್ತು.

ಹೆಬ್ಬೆರಳು, ತೋರುಬೆರಳು ಹೋದವು. ಮೂರು ಉಳಿದವು.

ಕಡ್ಡಿ ಆಸ್ಪತ್ರೆಗೆ ಬಂದಾಗ ಟೈಲರಮ್ಮ ವಾರ್ಡಿನ ಬಾಗಿಲಿಗೆ ಅಡ್ಡ ನಿಂತಳು. ಕೂಗಾಡಲಿಲ್ಲ. ನಾನು ಬದುಕಿರುವ ತನಕ ನೀನು ನಮ್ಮ ಹೊಸಿಲು ತುಳಿಯಬೇಡ, ಅಂದಳು ಅಷ್ಟೆ. ಮೇಸ್ತ್ರಿ ಮಂಚದ ಮೇಲಿಂದ ಏನೋ ಹೇಳಲು ಹೋದ, ಅವಳು ತಿರುಗಿ ನೋಡಿದ ಮೇಲೆ ಸುಮ್ಮನಾದ. ಆಮೇಲೆ ಆ ಮನೆಯಲ್ಲಿ ಕಡ್ಡಿಯ ಹೆಸರು ಎತ್ತಿದವರಿಲ್ಲ. ಮೇಸ್ತ್ರಿ ಎಡಗೈಯಲ್ಲಿ ಉಣ್ಣಲು ಕಲಿತ, ಎಡಗೈಯಲ್ಲಿ ಸಹಿ ಹಾಕಲು ಕಲಿತ. ಅಂಗಿಯ ಗುಂಡಿ ಹಾಕಲು ಮಾತ್ರ ಕೊನೆಯವರೆಗೂ ಆಗಲಿಲ್ಲ. ಟೈಲರಮ್ಮ ಅವನ ಅಂಗಿಗಳ ಕಾಜಾದ ತೂತುಗಳನ್ನೆಲ್ಲ ಮುಚ್ಚಿ ಒಳಗೆ ಟಿಚ್ ಬಟನ್ ಹೊಲಿದಳು. ಮೇಲೆ ನೋಟಕ್ಕೆಂದು ಗುಂಡಿ ಹಾಗೇ ಬಿಟ್ಟಳು. ಒತ್ತಿದರೆ ಟಿಚ್ ಎಂದು ಕೂರುತ್ತಿತ್ತು. ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ.

*

ಸ್ಮಶಾನಕ್ಕೆ ಒಯ್ಯುವ ವ್ಯಾನ್ ಹನ್ನೆರಡಕ್ಕೆ ಬರುತ್ತದೆ ಎಂದು ಫೋನ್ ಬಂತು. ಇನ್ನೂ ಮುಕ್ಕಾಲು ಗಂಟೆ ಇತ್ತು. ಟೈಲರಮ್ಮ ಗಂಡನ ತಲೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು. ಬೆಳಿಗ್ಗೆ ಅವಳೇ ಅವನಿಗೆ ತಿಳಿನೀಲಿ ಅಂಗಿ ತೊಡಿಸಿದ್ದಳು, ಆರು ಟಿಚ್ ಬಟನ್ನನ್ನೂ ಒತ್ತಿದ್ದಳು. ಮಡಿಲಲ್ಲಿ ಫೋನ್ ಗುರ್ ಗುರ್ ಎನ್ನುತ್ತಿತ್ತು. ಬಾಗಿಲಲ್ಲಿ ಯಾರೋ ಇದ್ದಾರೆ, ಬಾಗಿಲಲ್ಲಿ ಯಾರೋ ಇದ್ದಾರೆ. ಯಾರ್ಯಾರೋ ಇದ್ದರು, ಮೆಟ್ಟಿಲ ತಿರುವಿನಲ್ಲಿದ್ದವನು ಮಾತ್ರ ಅದರಲ್ಲಿ ಕಾಣುತ್ತಿರಲಿಲ್ಲ. ಕ್ಯಾಮೆರಾಗೆ ಎದುರಿಗಿನ ಲಿಫ್ಟ್ ಕಾಣುತ್ತದೆ. ಮೆಟ್ಟಿಲು ಬಾಗಿಲ ಪಕ್ಕದ ಗೋಡೆಗೇ ಅಂಟಿಕೊಂಡು ಮೇಲೆ ಬರುತ್ತದೆ, ಅದು ಕಾಣುವುದಿಲ್ಲ. ಬಂದವನು ಅದನ್ನು ಲೆಕ್ಕ ಹಾಕಿಯೇ ಅಲ್ಲಿ ನಿಂತಂತಿತ್ತು.

ಗಂಟೆ ತಂದವಳೂ ಅವಳೇ, ನಾಲ್ಕು ವರ್ಷದ ಹಿಂದೆ. ಅಂಗಡಿಯಿಂದ ತರಿಸಿದ ಲೈನಿಂಗ್ ಬಟ್ಟೆಯ ಕಟ್ಟು, ಜಿಪ್ಪಿನ ಡಬ್ಬ ಬಾಗಿಲ ಮುಂದಿನಿಂದ ಎರಡು ಸಲ ಮಾಯವಾಗಿದ್ದವು. ಮೇಸ್ತ್ರಿಗೆ ಆಗಲೇ ಉಬ್ಬಸ ಹತ್ತಿತ್ತು, ಮನೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅವಳು ಹೊರಗೆ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಇನ್ನು ಮೇಲೆ ನನಗೆ ಗೊತ್ತಾಗದೆ ಒಂದು ಬೆಕ್ಕೂ ಈ ಬಾಗಿಲಿಗೆ ಬರುವಂತಿಲ್ಲ, ಎಂದು ಅವಳು ಬೀಗಿದ್ದಳು. ಮೇಸ್ತ್ರಿ ಗಂಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಚಾರ್ಜಿನ ಜವಾಬ್ದಾರಿ ನನಗಿರಲಿ, ಅಂದಿದ್ದ.

ಒಂದೂವರೆ ತಿಂಗಳು ಬರುವ ಬ್ಯಾಟರಿಗೆ ವಾರಕ್ಕೊಮ್ಮೆ ಯಾಕೆ ಚಾರ್ಜು ಎಂದು ಅವಳು ಎಷ್ಟೋ ಸಲ ರೇಗಿದ್ದುಂಟು. ಲಿಫ್ಟಿಗೆ ವಾರಕ್ಕೊಮ್ಮೆ ಎಣ್ಣೆ, ಇದಕ್ಕೆ ವಾರಕ್ಕೊಮ್ಮೆ ಕರೆಂಟು ಎಂದು ಅವನು ತೇಲಿಸಿಬಿಡುತ್ತಿದ್ದ. ಭಾನುವಾರ ಹತ್ತೂಕಾಲಿಗೆ ಕ್ಲಾಸಿನಲ್ಲಿ ಅವಳ ಫೋನ್ ಗುರ್ ಎನ್ನುತ್ತಿತ್ತು, ಪರದೆಯ ತುಂಬ ಗಂಡನ ಮುಖ. ನಮ್ಮನೆ ಇಂಜಿನಿಯರ್ ಡ್ಯೂಟಿಗೆ ಹತ್ತಿದರು, ಎಂದು ಹುಡುಗಿಯರಿಗೆ ಹೇಳಿ ಅವಳು ಫೋನ್ ಮಗುಚಿ ಇಡುತ್ತಿದ್ದಳು. ಸಾಸಿವೆಯಂಥ ಸ್ಕ್ರೂವನ್ನು ಎಡಗೈಯಲ್ಲಿ ಬಿಚ್ಚುತ್ತಾರೆ ಗೊತ್ತಾ, ಎಂದು ಹೆಮ್ಮೆಯಿಂದ ಸೇರಿಸುತ್ತಿದ್ದಳು. ವಿಡಿಯೊವನ್ನು ತೆರೆದು ನೋಡಿದ್ದಿಲ್ಲ. ಮಧ್ಯಾಹ್ನ ಮನೆಯಲ್ಲಿ ಕಾಣುವ ಮುಖವನ್ನು ಫೋನಿನಲ್ಲಿ ನೋಡುವುದೇನು?

ಈಗ ನೋಡಬೇಕೆನ್ನಿಸಿತು. ಅವಳು ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತ ಹೋದಳು. ಬಂದವರು, ಪಾರ್ಸೆಲಿನವರು, ಖಾಲಿ ಲಿಫ್ಟು ಎಲ್ಲ ದಾಟಿ, ಆಸ್ಪತ್ರೆಗೆ ಸೇರುವ ಮುಂಚಿನ ಕೊನೆಯ ಭಾನುವಾರ ಸಿಕ್ಕಿತು. ದನಿ ಮುಚ್ಚಿಯೇ ಒತ್ತಿದಳು.

ಮೇಸ್ತ್ರಿ ಕ್ಯಾಮೆರಾದ ಮುಂದೆ ನಿಂತಿದ್ದಾನೆ. ಎಡಗೈಯಲ್ಲಿ ಟೀ ಲೋಟ. ಬಲಗೈಯ ಮೂರು ಬೆರಳು ಗಡ್ಡ ಕೆರೆಯುತ್ತಿವೆ. ಪಕ್ಕಕ್ಕೆ ನೋಡಿ ಏನೋ ಹೇಳಿ ನಗುತ್ತಾನೆ, ನಕ್ಕಿದ್ದಕ್ಕೆ ಕೆಮ್ಮು ಬಂದು ಲೋಟ ಕುಲುಕುತ್ತದೆ. ಚಿತ್ರ ಒಮ್ಮೆ ನಡುಗಿತು, ವಾಲಿತು, ತಾರಸಿ ಕಂಡಿತು, ಕತ್ತಲಾಯಿತು.

ಅವಳು ಗಂಡ ನಕ್ಕಿದ್ದನ್ನು ನೋಡಲೆಂದು ಇನ್ನೊಮ್ಮೆ ಹಾಕಿದಳು. ಮೂರನೇ ಸಲ ಹಾಕಿದಾಗ ಕೈಗಳನ್ನು ನೋಡಿದಳು. ಎರಡೂ ಕೈ ಅಲ್ಲೇ ಇವೆ, ಕಣ್ಣೆದುರಿಗೇ. ಹಾಗಾದರೆ ಗಂಟೆಯನ್ನು ಗೋಡೆಯಿಂದ ಬಿಚ್ಚಿದ್ದು ಯಾರು?

ಅವಳ ಕಣ್ಣು ಫೋನಿನಿಂದ ನೀಲಿ ಅಂಗಿಗೆ ಹೋಯಿತು. ಒಂದೊಂದು ಟಿಚ್ ಬಟನ್ನನ್ನೂ ಹೊಲಿದವಳು ಅವಳು. ಅಂಗಿಯ ಗುಂಡಿ ಹಾಕಲಾರದವನು ಸಾಸಿವೆಯಂಥ ಸ್ಕ್ರೂವನ್ನು ಬಿಚ್ಚುತ್ತಾನೆಂದು ನಾಲ್ಕು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳಲ್ಲ. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಗಂಡನಿಗೂ ಮೆಟ್ಟಿಲ ತಿರುವಿನಲ್ಲಿ ನಿಂತವನಿಗೂ ಒಂದೊಂದು ಬಾರಿಸಬೇಕು ಅನ್ನಿಸಿತು. ಒಬ್ಬ ಇನ್ನು ಕೈಗೆ ಸಿಗುವಂತಿರಲಿಲ್ಲ.

*

ಕಂಡಕ್ಟರು ದಾರಿ ಬಿಡಿಸಿದರು. ಟೈಲರಮ್ಮ ಮೆಟ್ಟಿಲ ತುದಿಗೆ ಬಂದು ನಿಂತಳು. ಎಂಟು ಮೆಟ್ಟಿಲು ಕೆಳಗೆ ಕಡ್ಡಿ ಗೋಡೆಗೆ ಭುಜ ಕೊಟ್ಟು ನಿಂತಿದ್ದ. ಕೂದಲು ಬೆಳ್ಳಗಾಗಿತ್ತು, ಮೈ ಮಾತ್ರ ಹಾಗೇ ಇತ್ತು. ಅವಳನ್ನು ಕಂಡು ಅವನು ಎರಡು ಮೆಟ್ಟಿಲು ಹಿಂದಕ್ಕೆ ಇಳಿದ. ನಲವತ್ತು ದಿನ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಅವಳೇ ಕೂತಿದ್ದಳು. ಅಂದರೆ ಇವನು ನಲವತ್ತು ದಿನದಿಂದ ಮೇಸ್ತ್ರಿಯ ಮುಖ ನೋಡಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಮುಕ್ಕಾಲು ಗಂಟೆಯಲ್ಲಿ ಅರ್ಧ ಕಳೆದಿತ್ತು.

"ಸ್ಕ್ರೂಡ್ರೈವರ್ ನಿನ್ನ ಹತ್ರ ಇದೆಯಾ?"

ಕಡ್ಡಿ ಅಂಗಿಯ ಜೇಬಿಗೆ ಕೈ ಹಾಕಿ ತೆಗೆದ. ಕಿರುಬೆರಳಿನಷ್ಟು ಉದ್ದದ್ದು, ನಕ್ಷತ್ರದ ತುದಿಯದು. ಹಿಡಿಯ ಬಣ್ಣ ಸವೆದು ಹೋಗಿತ್ತು.

"ಎಷ್ಟು ವರ್ಷದಿಂದ?"

"ಗಂಟೆ ಬಂದಾಗಿಂದ, ಅತ್ತಿಗೆ."

ಹನ್ನೆರಡು ವರ್ಷದ ಮೇಲೆ ಅತ್ತಿಗೆ ಎಂಬ ಆ ಮಾತು ಅವಳ ಕಿವಿಗೆ ಬಿತ್ತು. ಇಬ್ಬರೂ ಸೇರಿ ನನ್ನನ್ನು ಚೆನ್ನಾಗಿ ಮಂಗ ಮಾಡಿದಿರಿ, ಅಂದಳು. ಕಡ್ಡಿ ತಲೆ ತಗ್ಗಿಸಿ ಒಪ್ಪಿಕೊಂಡ. ಬರುವುದು, ಗಂಟೆ ಬಿಚ್ಚುವುದು, ಟೀ ಕುಡಿಯುವುದು, ಹಳೆಯ ಮೋಟರುಗಳ ಮಾತಾಡುವುದು, ಹಾಕಿ ಹೋಗುವುದು, ಇಷ್ಟೇ ಎಂದ. ಬೋರ್ಡಿನಲ್ಲಿ ಆಕಾರ ಬರೆದಿದ್ದರೂ ಸ್ಕ್ರೂಡ್ರೈವರನ್ನು ಅಲ್ಲಿ ನೇತುಹಾಕಲು ಅಣ್ಣ ಒಂದು ದಿನವೂ ಬಿಟ್ಟಿರಲಿಲ್ಲವಂತೆ. ಬಿಚ್ಚಿದವನ ಜೇಬಲ್ಲೇ ಇರಬೇಕು, ಈ ಸಲವಾದರೂ ಯಾರ ಕೈಗೂ ಕೊಡಬೇಡ, ಎಂದು ಪ್ರತಿ ವಾರ ಹೇಳಿ ನಗುತ್ತಿದ್ದನಂತೆ.

"ನನಗೆ ಹೇಳ್ಬೇಕು ಅಂತ ಒಬ್ಬರಿಗೂ ಅನ್ನಿಸಲಿಲ್ವಾ?"

"ನಾನು ಹೇಳಿದೆ, ಹೇಳಿಬಿಡೋಣ ಅಂತ. ಅಣ್ಣ ಒಪ್ಪಲಿಲ್ಲ. 'ಬೆರಳು ಹೋಗಿದ್ದನ್ನ ನಾನೂ ಮರೆತೆ, ನೀನೂ ಮರೆತೆ. ನನ್ನ ಪರವಾಗಿ ಸಿಟ್ಟು ಇಟ್ಕೊಂಡಿರೋಳು ಅವಳೊಬ್ಬಳೇ. ಅದನ್ನ ಅವಳಿಂದ ಯಾಕೆ ಕಿತ್ಕೊಳ್ಳೋಣ' ಅಂದ್ರು."

ಟೈಲರಮ್ಮ ಕಂಬಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಹಿಂದೆ ಗಂಟೆ ಕೀಂ ಎಂದಿತು. ಇನ್ನೊಮ್ಮೆ ಕೀಂ ಎಂದಾಗ ಅವಳು ಬಾಗಿಲ ಕಡೆ ತಿರುಗಿದಳು.

"ಬಂದು ಬಿಚ್ಚು," ಅಂದಳು ಆಮೇಲೆ.

ಅವನು ಗೋಡೆ ಹಿಡಿದುಕೊಂಡೇ ಮೇಲೆ ಬಂದ, ಪಕ್ಕದಿಂದಲೇ ಕೈ ಚಾಚಿದ, ನೋಡದೆಯೇ ತಳದ ಸ್ಕ್ರೂವನ್ನು ಮೂರು ಸುತ್ತು ತಿರುಗಿಸಿದ. ಗಂಟೆ ಅವನ ಅಂಗೈಗೆ ಬಂತು. ಸ್ಕ್ರೂ ಜೇಬಿಗೆ ಹೋಯಿತು, ಹಿಂದೆಯೇ ಸ್ಕ್ರೂಡ್ರೈವರೂ ಹೋಯಿತು. ಗೋಡೆಯ ಮೇಲೆ ಗಂಟೆ ಕೂರಿಸುವ ಬೋಳು ಪಟ್ಟಿಯೊಂದು ಉಳಿಯಿತು. ಕಡ್ಡಿ ಗಂಟೆಯನ್ನು ಅವಳ ಮುಂದೆ ಹಿಡಿದು ಹೊಸಿಲಿನ ಈಚೆಯೇ ನಿಂತ. ಅವಳು ಕೈ ಚಾಚಲಿಲ್ಲ.

"ಒಳಗೆ ತಗೊಂಡ್ಹೋಗಿ ಚಾರ್ಜಿಗೆ ಹಾಕು."

ಕಡ್ಡಿ ಚಪ್ಪಲಿ ಬಿಟ್ಟು ಒಳಗೆ ಹೋದ. ಚಾರ್ಜರ್ ಎಲ್ಲಿದೆ ಎಂದು ಕೇಳಲಿಲ್ಲ. ಹೊಲಿಗೆ ಯಂತ್ರದ ಹಿಂದಿನ ಬಿಸ್ಕತ್ತಿನ ಡಬ್ಬಿಯಿಂದ ವೈರು ತೆಗೆದು, ಸಡಿಲವಾಗಿದ್ದ ಪ್ಲಗ್ಗಿಗೆ ಕಾಗದದ ಚೂರು ಮಡಿಸಿ ಸಿಕ್ಕಿಸಿ, ಕೆಂಪು ದೀಪ ಹತ್ತಿದ್ದನ್ನು ನೋಡಿಕೊಂಡು ಆಮೇಲೆ ಮೇಸ್ತ್ರಿಯ ಕಡೆ ತಿರುಗಿದ. ನೆಲದ ಮೇಲೆ ಕೂತು ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡ. ಅವನನ್ನು ಎಳೆಯ ವಯಸ್ಸಿನಲ್ಲಿ ಕಂಡು ಮರೆತಿದ್ದ ಮಗಳು, ಅಮ್ಮಾ ಯಾರು ಇವರು, ಎಂದು ಪಿಸುಗುಟ್ಟಿದಳು. ನಿಮ್ಮಪ್ಪನ ಜೊತೆ ಕೆಲಸ ಮಾಡುತ್ತಿದ್ದವನು, ಎಂದು ಟೈಲರಮ್ಮ ಅಂದಳು. ಹಿಂದೆ ಜನ ಸೇರಿದ್ದರು. ಕಂಡಕ್ಟರು ರೂಢಿಯಂತೆ ಮುಂದೆ ನಡೀರಿ ಎನ್ನಲು ಬಾಯಿ ತೆರೆದರು, ಅವಳು ಕೈಸನ್ನೆ ಮಾಡಿ ನಿಲ್ಲಿಸಿದಳು. ವ್ಯಾನ್ ಬಂದು ಕೆಳಗೆ ಎರಡು ಸಲ ಹಾರನ್ ಹಾಕಿತು. ಅವಸರವಿಲ್ಲ ಎಂದು ಹೇಳಿ ಬರಲು ಅವಳು ಮಗಳನ್ನು ಕಳಿಸಿದಳು.

*

ಸ್ಮಶಾನದಿಂದ ಬಂದಾಗ ನಾಲ್ಕೂವರೆ. ಕಡ್ಡಿ ಉದ್ದಕ್ಕೂ ಮೇಸ್ತ್ರಿಯ ಬಲಭುಜದ ಕಡೆ ಹೆಗಲು ಕೊಟ್ಟಿದ್ದ. ಜನ ಒಬ್ಬೊಬ್ಬರಾಗಿ ಕರಗಿದರು, ಕಂಡಕ್ಟರು ಮಡಿಸುವ ಕುರ್ಚಿಗಳನ್ನು ಎಣಿಸಿ ಕೆಳಗೆ ಒಯ್ದರು, ಮಗಳು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಯಂತ್ರದ ಪಕ್ಕದಲ್ಲಿ ಗಂಟೆಯ ದೀಪ ಹಸಿರಾಗಿತ್ತು.

ಕಡ್ಡಿ ವೈರು ಕಿತ್ತು ಸುತ್ತಿ ಡಬ್ಬಿಯಲ್ಲಿಟ್ಟ. ಗಾಜು ಒರೆಸಲು ಬಟ್ಟೆಗೆಂದು ಕಣ್ಣಾಡಿಸಿದ. ಟೈಲರಮ್ಮ ಮೇಸ್ತ್ರಿಯ ಕನ್ನಡಕದ ಡಬ್ಬಿಯನ್ನು ತೆರೆದು ಬಟ್ಟೆ ಕೊಟ್ಟಳು. ಗಂಟೆ ಹಾಕಿದ ಮೇಲೆ ಸ್ಕ್ರೂಡ್ರೈವರನ್ನು ಬೋರ್ಡಿನಲ್ಲಿ ಅದರ ಜಾಗಕ್ಕೆ ಹಾಕಲೇ ಎಂದು ಅವನು ಕೇಳಿದ. ಇಷ್ಟು ದಿನ ಎಲ್ಲಿತ್ತೋ ಅಲ್ಲೇ ಇರಲಿ, ಅಂದಳು.

ಅವನು ಹೊಸಿಲು ದಾಟುವಾಗ ಅವಳು ಕರೆದಳು.

"ಭಾನುವಾರ ಬರಬೇಡ. ಭಾನುವಾರ ನಾನಿರಲ್ಲ. ಶನಿವಾರ ಬಾ."

ಕಡ್ಡಿ ತಲೆಯಾಡಿಸಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಗಂಟೆ ಪಟ್ಟಿಯ ಮೇಲೆ ಕೂತ ಟಕ್ ಸದ್ದು ಅವಳಿಗೆ ಒಳಗೆ ಕೇಳಿಸಿತು, ಸ್ಕ್ರೂ ತಿರುಗುವ ಸಣ್ಣ ಕಿರುಗುಟ್ಟುವಿಕೆಯೂ ಕೇಳಿಸಿತು. ಆಮೇಲೆ ಏನೂ ಇಲ್ಲ. ಹಾಕಿದ ಮೇಲೆ ಒಮ್ಮೆ ಒತ್ತಿ ನೋಡಬೇಕು. ನಾಲ್ಕು ವರ್ಷವೂ ಅದು ಮೇಸ್ತ್ರಿಯ ಕೆಲಸವಾಗಿತ್ತು. ಅವನು ಎದುರಿಗೆ ನಿಂತು ಒತ್ತುವ ಹೊತ್ತಿಗೆ ಇನ್ನೊಬ್ಬ ಗೋಡೆ ಹಿಡಿದು ಮೆಟ್ಟಿಲು ಇಳಿದಿರುತ್ತಿದ್ದ. ಇವತ್ತೂ ಇಳಿದುಬಿಟ್ಟನೇನೋ ಎಂದು ಟೈಲರಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾದಳು.

ಫೋನ್ ಗುರ್ ಎಂದಿತು, ಬಾಗಿಲಲ್ಲಿ ಯಾರೋ ಇದ್ದಾರೆ ಎಂದಿತು. ಪರದೆಯ ನಟ್ಟನಡುವೆ, ಲಿಫ್ಟಿಗೆ ಬೆನ್ನು ಮಾಡಿ, ಒಂದು ಕೈ ಅಂಗಿಯ ಜೇಬಿನ ಮೇಲಿಟ್ಟು ಇನ್ನೊಂದು ಕೈ ಗುಂಡಿಯ ಕಡೆ ಚಾಚಿ, ಕಡ್ಡಿ ಕ್ಯಾಮೆರಾವನ್ನೇ ನೋಡುತ್ತ ನಿಂತಿದ್ದ.